ಮಂಡ್ಯ ಸೀಮೆಯ ಕೈಕಸುಬು: ಹೊಲಕ್ಕಾಗಿ ದುಡಿದ ಕೈಗಳು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೈಕಸುಬುಗಳಲ್ಲಿ ಹೆಚ್ಚಿನವು ಒಕ್ಕಲುತನದ ಮಗ್ಗುಲಲ್ಲೇ ಬೆಳೆದವು. ಮೇದರ ಮಂಕರಿ ಗೊಬ್ಬರ ಹೊತ್ತಿತು, ಕಮ್ಮಾರರ ಕುಡುಗೋಲು ರಾಗಿ ಕೊಯ್ದಿತು, ಕುಂಬಾರರ ಮಡಕೆ ಹೊಲದ ಬದುವಿನ ಮೇಲೆ ನೀರನ್ನು ತಣ್ಣಗಿಟ್ಟಿತು, ಆಲೆಮನೆಯ ಕೊಪ್ಪರಿಗೆ ಕಬ್ಬಿನ ಹಾಲನ್ನು ಬೆಲ್ಲ ಮಾಡಿತು. ಗಾಜಿನ ಕಪಾಟಿನಲ್ಲಿಟ್ಟು ನೋಡಲೆಂದೇ ಮಾಡಿದ ಸಾಮಾನು ಈ ಸೀಮೆಯಲ್ಲಿ ಕಡಿಮೆ. ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಇಪ್ಪತ್ತು ಕಿಲೊಮೀಟರ್ ಆಸುಪಾಸಿನಲ್ಲಿರುವ ಚನ್ನಪಟ್ಟಣದ ಕಥೆ ಬೇರೆ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಅಲ್ಲಿನ ಗೊಂಬೆಗಳು ದೇಶವಿದೇಶಗಳಲ್ಲಿ ಹೆಸರಾಗಿವೆ, ಭೌಗೋಳಿಕ ಸೂಚಿಕೆಯ ಗುರುತನ್ನೂ ಪಡೆದಿವೆ. ಈ ಕಡೆಯ ಬುಟ್ಟಿಗಾಗಲಿ ಮಚ್ಚಿಗಾಗಲಿ ಅಂಥ ಹೆಸರಿಲ್ಲ. ಹೆಸರಿಲ್ಲದ ಮಾತ್ರಕ್ಕೆ ಇಲ್ಲಿ ಕರಕುಶಲ ಪರಂಪರೆಯೇ ಇಲ್ಲವೆಂದು ತೀರ್ಮಾನಿಸುವುದು ವಾಡಿಕೆಯಾಗಿಬಿಟ್ಟಿದೆ. ಆ ತೀರ್ಮಾನ ತಪ್ಪು, ಮತ್ತು ಅದರಿಂದ ಕಸುಬುದಾರರಿಗೆ ನಷ್ಟವಾಗುತ್ತಿದೆ.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಕಸುಬುದಾರರನ್ನು ಊರಿನ ಬೇಸಾಯಕ್ಕೆ ಕಟ್ಟಿಹಾಕಿದ್ದ ಏರ್ಪಾಡಿಗೆ ಆಯಗಾರಿಕೆ ಎಂದು ಹೆಸರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಪಂಚಾಂಗದವರ ಸಾಲಿನಲ್ಲಿಯೇ ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿಗರೂ ಆಯದ ಹಕ್ಕುದಾರರಾಗಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಇಷ್ಟು ಮೊರ ರಾಗಿ, ಇಷ್ಟು ಹೊರೆ ಹುಲ್ಲು ಎಂದು ಅವರ ಪಾಲು ಗೊತ್ತಾಗಿತ್ತು. ನೇಗಿಲ ಗುಳ ಮೊಂಡಾದಾಗ ಹಣ ಎಣಿಸಿಕೊಡುವ ಪ್ರಶ್ನೆ ಇರಲಿಲ್ಲ. ಈ ಏರ್ಪಾಡನ್ನು ಸುವರ್ಣಯುಗದಂತೆ ಹೊಗಳುವವರಿದ್ದಾರೆ. ಆದರೆ ಕಸುಬು ಜಾತಿಗೆ ಅಂಟಿಕೊಂಡಿತ್ತು, ಜಾತಿ ಊರಿನ ಯಾವ ಬೀದಿಯಲ್ಲಿ ಮನೆ ಕಟ್ಟಬೇಕೆಂಬುದನ್ನೂ ಹೇಳುತ್ತಿತ್ತು. ಮಳೆ ಕೈಕೊಟ್ಟ ವರ್ಷ ಕಣದ ಪಾಲು ಇಲ್ಲವಾದರೂ ಕೆಲಸ ತಪ್ಪುತ್ತಿರಲಿಲ್ಲ. ಆದರೂ ಆ ವ್ಯವಸ್ಥೆಯಿಂದ ಇವತ್ತಿಗೂ ಕಲಿಯಬೇಕಾದದ್ದು ಒಂದಿದೆ. ಅಲ್ಲಿ ಕಸುಬಿಗೆ ಗಿರಾಕಿ, ಕಚ್ಚಾಮಾಲು, ಕೂಲಿ ಮೂರೂ ನಾಲ್ಕು ಮೈಲಿಯೊಳಗೆ ಸಿಗುತ್ತಿದ್ದವು. ಮುಂದೆ ಯಾವ ಕಸುಬು ಕುಸಿದರೂ ಈ ಮೂರರಲ್ಲಿ ಒಂದು ಕೈತಪ್ಪಿದ್ದೇ ಕಾರಣ. ಕೈಯ ಚಳಕ ಕಡಿಮೆಯಾಗಿ ಸತ್ತ ಕಸುಬು ಈ ಭಾಗದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಮಳವಳ್ಳಿಯ ಕಬ್ಬಿಣ ಇದಕ್ಕೆ ಮೊದಲ ಸಾಕ್ಷಿ. 19ನೇ ಶತಮಾನದ ಕೊನೆಯಲ್ಲಿ ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರು ಸಂಸ್ಥಾನದಲ್ಲಿ ಕಬ್ಬಿಣ ಕರಗಿಸುವ ಮುಖ್ಯ ತಾಲ್ಲೂಕುಗಳನ್ನು ಹೆಸರಿಸುವಾಗ ಮಾಗಡಿ, ಚಿಕ್ಕನಾಯಕನಹಳ್ಳಿ, ಹೆಗ್ಗಡದೇವನಕೋಟೆಗಳ ಜೊತೆಗೆ ಮಳವಳ್ಳಿಯನ್ನೂ ಸೇರಿಸುತ್ತದೆ. ಮೈಸೂರು ಸೀಮೆಯಲ್ಲಿ ಕಬ್ಬಿಣದ ಕಲ್ಲಿನಿಂದಲೂ, ಮಳೆಗಾಲದಲ್ಲಿ ಹಳ್ಳಗಳು ಕೊಚ್ಚಿ ತರುವ ಕರಿ ಮರಳಿನಿಂದಲೂ ಕಬ್ಬಿಣ ತೆಗೆಯುತ್ತಿದ್ದರು. ಮರಳನ್ನು ತೊಳೆದು, ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನೊಂದಿಗೆ ತುಂಬಿ, ಚರ್ಮದ ತಿದಿ ಒತ್ತಿ ಕರಗಿಸುವ ಕೆಲಸ ಅದು. ಗೆಜೆಟಿಯರಿಗಿಂತ ಹಳೆಯ ನೆನಪು ಜನರ ಬಾಯಲ್ಲಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಗದ್ದುಗೆ ಇರುವ ಊರು. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಗುರು ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಕಬ್ಬಿಣದ ಭಿಕ್ಷೆಗೆಂದು ಅಟ್ಟುವುದು ಇದೇ ತಾಲ್ಲೂಕಿನ ಹಲಗೂರಿನ ಕಮ್ಮಾರರಾದ ಪಾಂಚಾಳರ ಬಳಿಗೆ. ಸಿದ್ದಪ್ಪಾಜಿಯೂ ಹುಟ್ಟಿನಿಂದ ಪಾಂಚಾಳರ ಹುಡುಗ, ಕೆಂಪಾಚಾರಿ. ಅಕ್ಕಿಯನ್ನೋ ರಾಗಿಯನ್ನೋ ಬೇಡದೆ ಕಬ್ಬಿಣವನ್ನು ಬೇಡುವ ಭಿಕ್ಷೆ, ಅದನ್ನು ಕೊಡಲೊಲ್ಲದ ಸಿರಿವಂತ ಕಮ್ಮಾರರು, ಆಮೇಲಿನ ಸತ್ವಪರೀಕ್ಷೆಗಳು. ಕಾವ್ಯವನ್ನು ಇತಿಹಾಸದ ದಾಖಲೆ ಎನ್ನಲಾಗದು. ಆದರೂ ಹಲಗೂರು ಎಂದೊಡನೆ ಕಬ್ಬಿಣ ನೆನಪಾಗುವಷ್ಟು ಆ ಕಸುಬು ಜನಮನದಲ್ಲಿ ನೆಲೆಯೂರಿತ್ತೆಂದು ಅದು ಖಂಡಿತವಾಗಿ ಹೇಳುತ್ತದೆ.

ಆ ಕುಲುಮೆಗಳು ಆರಿದ ಬಗೆ ದಕ್ಷಿಣ ಭಾರತದ ಉದ್ದಗಲಕ್ಕೂ ಒಂದೇ. ಹಡಗಿನಲ್ಲಿ ಬಂದಿಳಿದ ಅಗ್ಗದ ಬ್ರಿಟಿಷ್ ಕಬ್ಬಿಣ ಬೆಲೆಯನ್ನು ಕೆಡಿಸಿತು. ಕಾಡುಗಳು ಸರ್ಕಾರದ ಹಿಡಿತಕ್ಕೆ ಹೋದ ಮೇಲೆ ಇದ್ದಿಲು ದುಬಾರಿಯಾಯಿತು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾಗುವ ಹೊತ್ತಿಗೆ ಹಳ್ಳಿಯ ಕುಲುಮೆ ಲೋಹ ತೆಗೆಯುವುದನ್ನು ಬಿಟ್ಟು ಲೋಹ ಬಡಿಯುವುದಕ್ಕೆ ಇಳಿದಿತ್ತು. ಕಸುಬಿನ ಅರ್ಧ ಹೋಯಿತು, ಅರ್ಧ ಉಳಿಯಿತು. ಇಂದಿನ ಕಮ್ಮಾರರು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಯನ್ನು ತುಂಡರಿಸಿ ಕಾಯಿಸಿ ಮಚ್ಚು, ಕುಡುಗೋಲು, ಕೊಡಲಿ ಮಾಡುತ್ತಾರೆ. ತಿದಿಯ ಜಾಗದಲ್ಲಿ ವಿದ್ಯುತ್ ಬ್ಲೋವರ್ ಕುಳಿತಿದೆ. ಕಬ್ಬು ಕಡಿಯುವ ಮಚ್ಚಿಗೆ ಎಷ್ಟು ಬಾಗು, ಎಷ್ಟು ತೂಕ, ಎಲ್ಲಿಯವರೆಗೆ ಹದ ಹಾಕಬೇಕು ಎಂಬುದು ಮಾತ್ರ ಈಗಲೂ ಕಣ್ಣಳತೆಯ ವಿದ್ಯೆ. ಕೆಂಪಗೆ ಕಾಯಿಸಿದ ಬಾಯಿಯನ್ನು ನೀರಿಗೆ ಅದ್ದುವಾಗ ಒಂದು ಕ್ಷಣ ಆಚೀಚೆಯಾದರೆ ಮಚ್ಚು ಸಿಡಿಯುತ್ತದೆ, ಇಲ್ಲವೇ ಮೊಂಡಾಗುತ್ತದೆ. ಇದನ್ನು ಕುಶಲ ಕಲೆ ಎನ್ನದೆ ರಿಪೇರಿ ಕೆಲಸ ಎಂದು ಕರೆಯುವುದು ಅನ್ಯಾಯ.

ಬಿದಿರಿನ ಕಥೆ ಇನ್ನೂ ಮುಗಿದಿಲ್ಲ, ಹಾಗಾಗಿ ಅದರ ಬಗ್ಗೆ ಹೆಚ್ಚು ಹೇಳಬೇಕು. ಮದ್ದೂರು, ಮಳವಳ್ಳಿಗಳು ರೇಷ್ಮೆಯ ತಾಲ್ಲೂಕುಗಳು. ರಾಮನಗರದ ದೊಡ್ಡ ಗೂಡಿನ ಮಾರುಕಟ್ಟೆಯೂ ದೂರವಿಲ್ಲ. ರೇಷ್ಮೆ ಸಾಕಣೆ ಎಂದರೆ ಹಿಪ್ಪುನೇರಳೆ ಮತ್ತು ಹುಳು ಎಂದಷ್ಟೇ ತಿಳಿದವರಿಗೆ ಅದರೊಳಗಿರುವ ಮೂರನೆಯ ಕೈ ಕಾಣುವುದಿಲ್ಲ. ಆ ಕೈ ಮೇದರದು. ಹುಳು ಮೇಯುವ ತಟ್ಟೆ, ಸೊಪ್ಪು ತರುವ ಕುಕ್ಕೆ, ಕೊನೆಗೆ ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಿಕೆ, ಎಲ್ಲವೂ ಬಿದಿರಿನವು. ಚಂದ್ರಿಕೆ ಎಂದರೆ ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರ ತಡಿಕೆ. ಅದರ ಮೇಲೆ ಎರಡು ಮೂರು ಬೆರಳಗಲದ ತೆಳು ದಬ್ಬೆಯನ್ನು ನೆಟ್ಟಗೆ ನಿಲ್ಲಿಸಿ, ನಡುವಿನಿಂದ ಸುರುಳಿ ಸುರುಳಿಯಾಗಿ ಅಂಚಿನವರೆಗೆ ಹೊಸೆದಿರುತ್ತಾರೆ. ಒಂದು ಚಂದ್ರಿಕೆಗೆ ಸಾವಿರದಷ್ಟು ಹುಳು ಬಿಡಬಹುದು. ಸುರುಳಿಯ ಸಾಲುಗಳ ನಡುವಿನ ಅಂತರದಲ್ಲೇ ಕೆಲಸದ ಗುಟ್ಟಿದೆ. ಅಂತರ ಹೆಚ್ಚಾದರೆ ಹುಳು ಆಸರೆ ಸಿಗದೆ ಅಲೆದು ನೂಲು ಹಾಳುಮಾಡುತ್ತದೆ, ಕಡಿಮೆಯಾದರೆ ಎರಡು ಹುಳು ಸೇರಿ ಒಂದೇ ಜೋಡಿಗೂಡು ಕಟ್ಟುತ್ತವೆ, ನೂಲು ಬಿಚ್ಚಲು ಅದು ಬಾರದು. ಗೂಡು ಕಟ್ಟುವ ಮುನ್ನ ಹುಳು ಉಚ್ಚೆ ಹೊಯ್ಯುತ್ತದೆ. ಆ ತೇವವನ್ನು ಬಿದಿರು ಹೀರಿಕೊಳ್ಳುತ್ತದೆ, ತಡಿಕೆಯ ಸಂದುಗಳಲ್ಲಿ ಗಾಳಿ ಆಡುತ್ತದೆ, ಗೂಡು ಒಣಗಿ ಗಟ್ಟಿಯಾಗುತ್ತದೆ. ಇಷ್ಟು ಲೆಕ್ಕಾಚಾರವನ್ನು ಮೇದರು ಯಾವ ನಕ್ಷೆಯೂ ಇಲ್ಲದೆ, ಕಾಲಬೆರಳಲ್ಲಿ ದಬ್ಬೆ ಒತ್ತಿಹಿಡಿದು, ಕೈಯ ಕತ್ತಿಯಲ್ಲಿ ಸೀಳುತ್ತಾ ಮಾಡಿ ಮುಗಿಸುತ್ತಾರೆ. ಚಂದ್ರಿಕೆಗಳನ್ನು ಕೊಳ್ಳಲಾಗದ ಸಣ್ಣ ರೈತರು ಬಾಡಿಗೆಗೆ ತರುವ ವಾಡಿಕೆಯೂ ಇದೆ. ಊರಿನ ಬೀದಿಯ ಗೋಡೆಗಳಿಗೆ ಒರಗಿಸಿದ ಚಂದ್ರಿಕೆಗಳ ಸಾಲು ಕಂಡರೆ ಬೆಳೆ ಕೈಗೆ ಬರುವ ಹೊತ್ತು ಎಂದು ದಾರಿಹೋಕರಿಗೂ ಗೊತ್ತಾಗುತ್ತಿತ್ತು.

ಆ ಸಾಲು ತೆಳ್ಳಗಾಗುತ್ತಿದೆ. ಚಂದ್ರಿಕೆಯ ಜಾಗಕ್ಕೆ ಬಂದ ಪ್ಲಾಸ್ಟಿಕ್ಕಿನ ನೇತ್ರಿಕೆಗಳು ಮಡಚಿಡಲು ಹಗುರ, ಜಾಗ ಕಡಿಮೆ ಸಾಕು, ತೊಳೆಯುವುದು ಸುಲಭ. ದ್ವಿತಳಿ ಗೂಡಿಗೆ ತಿರುಗು ಚಂದ್ರಿಕೆಗಳು ಬಂದಿವೆ. ಇವನ್ನು ಬಳಸುವ ರೈತರನ್ನು ದೂರುವಂತಿಲ್ಲ, ಅವರಿಗೂ ಆಳಿನ ಕೊರತೆ, ಜಾಗದ ಕೊರತೆ ಇದೆ. ಆದರೆ ಪೈಪೋಟಿ ಸಮಬಲದಲ್ಲಿ ನಡೆಯುತ್ತಿಲ್ಲ ಎಂಬುದನ್ನು ಗಮನಿಸಬೇಕು. ಪ್ಲಾಸ್ಟಿಕ್ ಕಾರ್ಖಾನೆಗೆ ಕಚ್ಚಾಮಾಲು ಬಾಗಿಲಿಗೆ ಬರುತ್ತದೆ. ಮೇದರಿಗೆ ಬಿದಿರು ಸಿಗುವುದೇ ದೊಡ್ಡ ಪಾಡು. ಹಲಗೂರು, ಮುತ್ತತ್ತಿ, ಬಸವನಬೆಟ್ಟದ ಕಡೆಯ ಕಾಡಿನಲ್ಲಿ ಬಿದಿರಿತ್ತು. 1987ರಲ್ಲಿ ಕಾವೇರಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಮಳವಳ್ಳಿಯ ಕಾಡಿನ ಒಂದು ಭಾಗ ಅದರೊಳಗೆ ಸೇರಿತು. ಕಾಡನ್ನು ಕಾಯುವುದು ಸರಿಯೇ. ಆನೆಗೂ ಬಿದಿರು ಬೇಕು. ಕಾಡಿನ ನಿರ್ಬಂಧದ ಜೊತೆಗೆ ಹೆಬ್ಬಿದಿರಿನ ಗುಣವೂ ಒಂದು ತೊಡಕು: ಕೆಲವು ದಶಕಗಳಿಗೊಮ್ಮೆ ಮೆಳೆಗೆ ಮೆಳೆಯೇ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಒಣಗಿ ಸಾಯುತ್ತದೆ. ಹೊಸ ಮೆಳೆ ಕಡಿಯುವ ಹದಕ್ಕೆ ಬರಲು ಹಲವು ವರ್ಷ ಬೇಕು. ಆ ನಡುವಿನ ವರ್ಷಗಳಲ್ಲಿ ಕಸುಬುದಾರರು ಏನು ಮಾಡಬೇಕು ಎಂಬುದಕ್ಕೆ ಉತ್ತರವಿಲ್ಲದೆ ಒಂದೊಂದೇ ಮನೆಯ ಕತ್ತಿ ಮೂಲೆ ಸೇರುತ್ತದೆ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದರು. ರೈತರು ಬಿದಿರು ಬೆಳೆದು, ಕಡಿದು, ಸಾಗಿಸಲು ಇದ್ದ ದೊಡ್ಡ ಅಡ್ಡಿ ಅಲ್ಲಿಗೆ ಕಳೆಯಿತು. ವಿಶ್ವೇಶ್ವರಯ್ಯ ನಾಲೆಯ ಏರಿ, ಕೆರೆಗಳ ಅಂಗಳ, ಹೊಲದ ಬದು ಎಲ್ಲೆಲ್ಲೂ ನೀರಿರುವ ಈ ಜಿಲ್ಲೆಯಲ್ಲಿ ಬಿದಿರು ಬೆಳೆಸಿಕೊಳ್ಳುವುದು ಅಸಾಧ್ಯವೇನಲ್ಲ.

ಮಣ್ಣಿನ ಕೆಲಸ ಇದಕ್ಕಿಂತ ಮೊದಲೇ ಸೊರಗಿತು. ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡಗಳು ಬಂದ ಮೇಲೆ ದಿನಬಳಕೆಯ ಮಡಕೆಗೆ ಬೇಡಿಕೆ ಬೇಸಿಗೆಯ ಎರಡು ತಿಂಗಳಿಗೆ ಇಳಿಯಿತು. ಕುಂಬಾರರ ತಿಗರಿಯನ್ನು ಇವತ್ತಿಗೂ ತಿರುಗಿಸುತ್ತಿರುವುದು ಶಾಸ್ತ್ರ. ಮದುವೆಗೆ ಐರಾಣಿ ಮಡಕೆ ಬೇಕು, ಹಬ್ಬಕ್ಕೆ ಹಣತೆ ಬೇಕು. ಊರಹಬ್ಬವೂ ಹೀಗೆಯೇ ಕೆಲವು ಕೈಗಳಿಗೆ ಕೆಲಸ ಕೊಟ್ಟಿದೆ. ಮಂಡ್ಯ ಸೀಮೆಯ ಪೂಜಾ ಕುಣಿತದ ಪೂಜೆ ಎಂದರೆ ಬಿದಿರ ಚೌಕಟ್ಟಿಗೆ ಬಣ್ಣದ ಸೀರೆ ಉಡಿಸಿ, ದೇವಿಯ ಮುಖವಾಡ ಕೂರಿಸಿದ ಹೊರೆ. ಅದನ್ನು ತಲೆಯ ಮೇಲೆ ಹೊತ್ತು ತಮಟೆಯ ಗತ್ತಿಗೆ ಕುಣಿಯುವವರಿಗೆ ಚೌಕಟ್ಟು ಹಗುರವಾಗಿರಬೇಕು, ಎಷ್ಟು ಬಾಗಿದರೂ ಮುರಿಯಬಾರದು. ಕುಣಿತವನ್ನು ಜನಪದ ಕಲೆ ಎಂದು ಗೌರವಿಸುವ ಸಮಾಜ, ಚೌಕಟ್ಟು ಹೆಣೆದವರನ್ನೂ ತಮಟೆಗೆ ಚರ್ಮ ಬಿಗಿದವರನ್ನೂ ಕಲಾವಿದರ ಪಟ್ಟಿಯಲ್ಲಿ ಸೇರಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಜಾತಿಗೆ ಅಂಟಿದ ಕಸುಬನ್ನು ಉಳಿಸಿ ಎನ್ನುವುದು, ಆ ಮಕ್ಕಳನ್ನು ಅಲ್ಲೇ ಇರಿ ಎಂದು ಹೇಳಿದಂತಲ್ಲವೇ? ಈ ಪ್ರಶ್ನೆ ಕೇಳುವವರು ಸರಿಯಾಗಿಯೇ ಕೇಳುತ್ತಿದ್ದಾರೆ. ಮೇದರ ಕೇತಯ್ಯನಂಥ ಶರಣನನ್ನು 12ನೇ ಶತಮಾನದಲ್ಲಿಯೇ ಕಂಡ ನಾಡು ಬುಟ್ಟಿ ಹೆಣೆಯುವವರ ಮನೆಯ ಮಗುವಿಗೆ ಓದಿನ ಬಾಗಿಲು ತೆರೆಯಲು ಎಂಟುನೂರು ವರ್ಷ ತೆಗೆದುಕೊಂಡಿತು. ಆ ಮಗು ಓದಿ ಬೇರೆ ಉದ್ಯೋಗ ಹಿಡಿದರೆ ಅದು ಸಂತೋಷದ ಸಂಗತಿ, ಕಸುಬಿನ ನಷ್ಟವೆಂದು ಮರುಗುವಂಥದ್ದಲ್ಲ. ಆದರೆ ಕಸುಬು ಜಾತಿಯೊಂದಿಗೇ ಸಾಯಬೇಕೆಂಬ ನಿಯಮವೂ ಇಲ್ಲ. ಯಾರು ಬೇಕಾದರೂ ಕಲಿಯಬಹುದಾದ, ಕಲಿತರೆ ಮನೆ ನಡೆಸಬಹುದಾದ ವಿದ್ಯೆಯಾಗಿ ಅದು ಬದಲಾಗಬೇಕು. ಹಾಗೆ ಬದಲಾಗಲು ಸಾಧ್ಯವೇ ಎಂಬ ಸಂದೇಹಕ್ಕೆ ಉತ್ತರ ಇದೇ ಸೀಮೆಯ ಆಲೆಮನೆಯಲ್ಲಿದೆ.

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ, ಅಂದು ಇರ್ವಿನ್ ನಾಲೆ ಎನಿಸಿದ್ದ ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿದ ಮೇಲೆ ರಾಗಿಯ ಬೆದ್ದಲು ಕಬ್ಬಿನ ಗದ್ದೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಬಂತು. ಯಂತ್ರದ ಕಾರ್ಖಾನೆ ಬಂದರೆ ಕೈಕೆಲಸ ಮುಗಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇಲ್ಲಿ ಹಾಗಾಗಲಿಲ್ಲ. ಕಾರ್ಖಾನೆಯ ಜೊತೆಜೊತೆಗೇ ಆಲೆಮನೆಗಳು ಬೆಳೆದವು, ಕಾರ್ಖಾನೆ ಹಣ ಕೊಡಲು ತಡಮಾಡಿದ ವರ್ಷಗಳಲ್ಲಿ ರೈತರು ಕಬ್ಬಿನ ಗಾಡಿಯನ್ನು ಆಲೆಮನೆಯ ಕಡೆಗೆ ತಿರುಗಿಸಿದರು. ಬೆಲ್ಲ ಈಗ ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯದ ಹೆಸರಿನ ಪಕ್ಕದಲ್ಲಿದೆ.

ಆದರೆ ಆ ಯೋಜನೆಯೂ ಬೆಲ್ಲವನ್ನು ಆಹಾರ ಸಂಸ್ಕರಣೆ ಎಂದು ನೋಡುತ್ತದೆ, ಕೈಕಸುಬೆಂದು ನೋಡುವುದಿಲ್ಲ. ಆಲೆಮನೆಯೊಳಗೆ ಒಂದು ಅಡಿಗೆ ಇಳಿಯುವವರೆಗೆ ನಿಂತು ನೋಡಿದವರು ಹಾಗೆ ಹೇಳಲಾರರು. ಗಾಣದಿಂದ ಬಂದ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಒಲೆಗೆ ಒಣಗಿದ ಕಬ್ಬಿನ ರಚ್ಚನ್ನು ಎಸೆಯುವವರು ಉರಿಯನ್ನು ಏರಿಸಿ ಇಳಿಸಿ ಆಡಿಸುತ್ತಿರಬೇಕು. ಹದವಾಗಿ ಸುಣ್ಣ ಬಿದ್ದರೆ ಹುಳಿ ತಗ್ಗುತ್ತದೆ, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಬೆಂಡೆ ಗಿಡವನ್ನು ಜಜ್ಜಿ ತೆಗೆದ ಲೋಳೆ ಹಾಕಿದರೆ ಮಡ್ಡಿ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆಯುವ ಗಳಿಗೆ ತಪ್ಪಿದರೆ ಮತ್ತೆ ಹಾಲಿಗೇ ಬೆರೆಯುತ್ತದೆ. ಎರಡು ಮೂರು ಗಂಟೆ ಕುದಿದ ಮೇಲೆ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಪಾಕ ನೋಡುವವರ ಬಳಿ ಉಷ್ಣಮಾಪಕವಿಲ್ಲ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳ ನಡುವೆ ಉರುಳಿಸುತ್ತಾರೆ, ಗೋಲಿಯಂತೆ ಗಟ್ಟಿಯಾಗಿ ತಗಡಿಗೆ ಎಸೆದರೆ ಟಣ್ ಎನ್ನಬೇಕು. ಆಗ ಕೊಪ್ಪರಿಗೆ ಇಳಿಯಲೇಬೇಕು, ಅರೆ ನಿಮಿಷ ತಡವಾದರೆ ತಳ ಹಿಡಿಯುತ್ತದೆ. ಒಂದು ಟನ್ ಕಬ್ಬಿಗೆ ಕೈಗೆ ಬರುವುದು ನೂರು ಕಿಲೋ ಆಸುಪಾಸಿನ ಬೆಲ್ಲ. ಕೊಪ್ಪರಿಗೆ ಇಳಿಸುವ ಈ ಒಂದು ನಿರ್ಧಾರದ ಮೇಲೆ ರೈತರ ಇಡೀ ವರ್ಷದ ಲೆಕ್ಕ ನಿಂತಿರುತ್ತದೆ. ಮಡಕೆ ಸುಡುವುದು, ಮಚ್ಚಿಗೆ ಹದ ಹಾಕುವುದು ಕುಶಲ ಕಲೆಗಳಾದರೆ ಇದೂ ಅದೇ ಬಗೆಯ ವಿದ್ಯೆ.

ಈ ವಿದ್ಯೆ ಯಾವ ಒಂದು ಕುಲಕ್ಕೂ ಸೇರಿದ್ದಲ್ಲ. ಇತ್ತೀಚಿನ ದಶಕಗಳಲ್ಲಿ ಮಂಡ್ಯದ ಅನೇಕ ಆಲೆಮನೆಗಳಲ್ಲಿ ಪಾಕ ನೋಡುತ್ತಿರುವವರು ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಕೆಲಸಗಾರರು. ಕೂಲಿ ಇರುವಲ್ಲಿಗೆ ಜನ ಸಾವಿರ ಮೈಲಿ ದಾಟಿ ಬಂದಿದ್ದಾರೆ, ಕಸುಬು ಹೊಸ ಕೈಗಳಲ್ಲಿ ನೆಲೆ ಕಂಡಿದೆ. ಹೊಟ್ಟೆ ತುಂಬಿಸುವ ಕಸುಬನ್ನು ಕಲಿಯಲು ಜನ ಸಿಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಅಪಾಯ ಇರುವುದು ಬೇರೆ ಕಡೆ. ಮಾರುಕಟ್ಟೆ ಹಳದಿ, ಬಿಳಿ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುತ್ತದೆ, ಕಂದು ಬೆಲ್ಲವನ್ನು ಪಕ್ಕಕ್ಕಿಡುತ್ತದೆ. ಮಡ್ಡಿಯನ್ನು ತಾಳ್ಮೆಯಿಂದ ತೆಗೆದು ಬಣ್ಣ ತರುವ ಬದಲು ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಎರಚಿದರೆ ಕ್ಷಣದಲ್ಲಿ ಬಣ್ಣ ತಿರುಗುತ್ತದೆ. ಅಗ್ಗದ ಸಕ್ಕರೆ ಬೆರೆಸುವ ಚಾಳಿಯೂ ಇದೆ. ಎಲ್ಲಿ ರಾಸಾಯನಿಕ ಬಂತೋ ಅಲ್ಲಿ ಬೆಂಡೆಯ ಲೋಳೆ ಹೋಯಿತು, ಅದರ ಹಿಂದೆಯೇ ಮಡ್ಡಿಯ ಗಳಿಗೆ ಗೊತ್ತಿರುವ ಕಣ್ಣೂ ಹೋಗುತ್ತದೆ. ಕೊಳ್ಳುವವರ ಕಣ್ಣಿನ ತಪ್ಪು ಮಾಡುವವರ ಕೈಯನ್ನು ಕೆಡಿಸುತ್ತಿದೆ.

ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದ ಚರಿತ್ರೆ ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ಮಧ್ಯಯುಗದಲ್ಲಿ ಅಲ್ಲಿಯೂ ಕಬ್ಬಿತ್ತು, ಕೊಲೊಸ್ಸಿ, ಕೌಕ್ಲಿಯಾ, ಎಪಿಸ್ಕೋಪಿಗಳಲ್ಲಿ ಗಾಣಗಳೂ ಕುದಿಸುವ ಒಲೆಗಳೂ ಇದ್ದವು, ಸಕ್ಕರೆ ಎರಕ ಹೊಯ್ಯಲು ಅಲ್ಲಿನ ಕುಂಬಾರರು ಶಂಕುವಿನಾಕಾರದ ಮಣ್ಣಿನ ಅಚ್ಚುಗಳನ್ನು ಸಾಲುಸಾಲಾಗಿ ಮಾಡುತ್ತಿದ್ದರು. ಅಟ್ಲಾಂಟಿಕ್ ದ್ವೀಪಗಳಿಂದಲೂ ಬ್ರೆಜಿಲ್‌ನಿಂದಲೂ ಗುಲಾಮರ ದುಡಿಮೆಯ ಅಗ್ಗದ ಸಕ್ಕರೆ ಬಂದಾಗ 16ನೇ ಶತಮಾನದಲ್ಲಿ ಆ ಕಸುಬು ನಂದಿತು. ಇಂದು ಅಲ್ಲಿ ಉಳಿದಿರುವುದು ಕಲ್ಲಿನ ಅವಶೇಷ ಮತ್ತು ಅಗೆದು ತೆಗೆದ ಅಚ್ಚಿನ ಚೂರುಗಳು. ಅದೇ ದ್ವೀಪದ ಲೆಫ್ಕಾರಾ ಎಂಬ ಹಳ್ಳಿಯ ಕಸೂತಿ ಲೇಸು 2009ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು, ಪ್ರವಾಸಿಗರು ಅದನ್ನು ಕೊಳ್ಳುತ್ತಾರೆ. ನೋಡಲು ಚೆಂದವಿರುವ ಕಸುಬಿಗೆ ಜಗತ್ತು ಪಟ್ಟ ಕಟ್ಟುತ್ತದೆ, ಊಟಕ್ಕೆ ದುಡಿಯುವ ಕಸುಬನ್ನು ಸತ್ತ ಮೇಲೆ ಅಗೆದು ನೋಡುತ್ತದೆ. ಮಂಡ್ಯದ ಆಲೆಮನೆಗಳು ಇನ್ನೂ ಹೊಗೆಯಾಡುತ್ತಿರುವಾಗಲೇ ಈ ಪಾಠ ಕಲಿಯುವುದು ಒಳ್ಳೆಯದು.

ಕೊಲ್ಹಾಪುರದ ಬೆಲ್ಲಕ್ಕೂ ಕೇರಳದ ಮರಯೂರು ಬೆಲ್ಲಕ್ಕೂ ಭೌಗೋಳಿಕ ಸೂಚಿಕೆ ಸಿಕ್ಕಿರುವುದನ್ನು ತೋರಿಸಿ ಮಂಡ್ಯಕ್ಕೂ ಅದೇ ಮದ್ದು ಎನ್ನುವವರಿದ್ದಾರೆ. ಗುರುತು ಬೇಡವೆಂದಲ್ಲ. ಆದರೆ ಗುರುತಿನ ಚೀಟಿ ಬೆಲ್ಲದ ಮೇಲೆ ಅಂಟುತ್ತದೆ, ಪಾಕ ನೋಡುವವರ ಕೂಲಿಯನ್ನು ಅದು ತಾನಾಗಿ ಏರಿಸುವುದಿಲ್ಲ. ಅದಕ್ಕಿಂತ ಮೊದಲು ಆಗಬೇಕಾದದ್ದು ಮಾರುಕಟ್ಟೆಯ ದರ್ಜೆಯಲ್ಲಿ ಬದಲಾವಣೆ. ರಾಸಾಯನಿಕವಿಲ್ಲದ ಕಂದು ಬೆಲ್ಲಕ್ಕೆ ಪ್ರತ್ಯೇಕ ದರ್ಜೆ, ಅದನ್ನು ಪರೀಕ್ಷಿಸಿ ಹೇಳುವ ವ್ಯವಸ್ಥೆ ಎಪಿಎಂಸಿಯ ಅಂಗಳದಲ್ಲೇ ಇರಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ಸಂಶೋಧನೆ ದಶಕಗಳಿಂದ ನಡೆದಿದೆ. ತಳಿಯ ಜೊತೆಗೆ ಪಾಕದ ವಿದ್ಯೆಯನ್ನೂ ಬರೆದಿಟ್ಟು ಕಲಿಸುವ ಕೆಲಸ ಅಲ್ಲಿ ಆಗಬಹುದು. ಮೇದರಿಗೆ ಬೇಕಿರುವುದು ಮೊದಲು ಬಿದಿರು, ಆಮೇಲೆ ಸಾಲ. ರೇಷ್ಮೆ ಸಲಕರಣೆಗಳಿಗೆ ಸಹಾಯಧನ ಕೊಡುವಾಗ ಸ್ಥಳೀಯರು ಹೆಣೆದ ಚಂದ್ರಿಕೆಯನ್ನು ಪ್ಲಾಸ್ಟಿಕ್‌ನಷ್ಟೇ ಗೌರವದಿಂದ ಕಂಡರೆ ಅರ್ಧ ಸಮಸ್ಯೆ ತೀರುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಗುರುತಿಸಿ, ಸಲಕರಣೆಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ, ತರಬೇತಿಯ ದಿನಗಳಿಗೆ ಭತ್ಯೆ ಕೊಡುತ್ತದೆ. ಕಮ್ಮಾರರು, ಬಡಗಿಗಳು, ಕುಂಬಾರರು, ಬುಟ್ಟಿ ಹೆಣೆಯುವವರು, ಗೊಂಬೆ ಮಾಡುವವರು ಆ ಪಟ್ಟಿಯಲ್ಲಿದ್ದಾರೆ. ಆಲೆಮನೆಯಲ್ಲಿ ಪಾಕ ನೋಡುವವರು ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಜನಪ್ರತಿನಿಧಿಗಳೂ ರೈತಸಂಘಗಳೂ ಒಟ್ಟಾಗಿ ಕೇಳಬೇಕಾದ ಮೊದಲ ಬೇಡಿಕೆ ಆ ಪಟ್ಟಿಗೆ ಹತ್ತೊಂಬತ್ತನೆಯ ಹೆಸರು ಸೇರಬೇಕೆಂಬುದು.